ಕಾಲು ಒದ್ದೆಯಾದವರ ಸಭೆ

ಬೆಳಿಗ್ಗೆ ಆರೂವರೆಗೆ ಇಂಡಿ ಬಿಟ್ಟಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ನಿಂಬೆಹಣ್ಣು. ಇಂಡಿಯವರು ನಿಂಬೆಹಣ್ಣಿಲ್ಲದೆ ಪರಊರಿಗೆ ಹೋದರೆ, ಇವರು ನಿಜವಾಗಿ ಇಂಡಿಯವರೇ ಎಂದು ಜನ ಅನುಮಾನಪಡುತ್ತಾರೆ. ವಿಜಯಪುರದ ಮೇಲೆ ಹೋಗಿದ್ದರೆ ದಾರಿ ಸುಲಭವಿತ್ತು. ಆದರೆ ಸಿಂದಗಿಯ ತಂಗಿಗೆ ಅರ್ಧ ಚೀಲ ಮುಟ್ಟಿಸದೆ ಹೋದರೆ ಮುಂದಿನ ಒಂದು ವರ್ಷ ಫೋನಿನಲ್ಲಿ ಅದನ್ನೇ ಕೇಳಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆ, ಹಾಗಾಗಿ ಈ ಸುತ್ತುಬಳಸಿನ ದಾರಿಗೆ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

ನಾನು ಶಾಲೆಯಿಂದ ನಿವೃತ್ತಳಾದವಳು. ಇಂಡಿಯ ಅಂಚಿನ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ರಸ್ತೆ ನೆಟ್ಟಗಿದೆ, ಪ್ಲಾಟುಗಳ ನಂಬರು ಸರಿಯಾಗಿದೆ, ಆದರೆ ನೀರನ್ನು ಯಾರು ಬಿಡಬೇಕು, ಯಾರಿಗೆ ಮೊದಲು ಬಿಡಬೇಕು ಎಂಬುದು ಇವತ್ತಿಗೂ ಜಗಳವೇ. ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ನಡುವೆ ಒಂದು ಪುನರ್ವಸತಿ ಊರಿದೆ. ಆಣೆಕಟ್ಟಿನ ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟವರಿಗೆ ಸರ್ಕಾರ ನಕ್ಷೆ ಹಾಕಿ ಕಟ್ಟಿಕೊಟ್ಟ ಊರು. ಅಲ್ಲಿ ನೀರಿಗೆಂದೇ ಒಂದು ಸಮಿತಿಯಿದೆ, ಜನರೇ ಅದನ್ನು ನಡೆಸುತ್ತಾರೆ. ನಾನು ಆ ಭಾಗದಲ್ಲಿ ಶಿಕ್ಷಕಿಯಾಗಿದ್ದಾಗ ಅಂಗನವಾಡಿ ಕಾರ್ಯಕರ್ತೆಯಾಗಿದ್ದ ಹಸೀನಾಬಿ ಈಗ ಅದರ ಅಧ್ಯಕ್ಷೆ. "ರವಿವಾರ ವರ್ಷದ ಸಭಾ ಐತ್ರಿ ಅಕ್ಕೋರ, ಬಂದು ಕಣ್ಣಾರೆ ನೋಡ್ರಿ" ಎಂದು ಕರೆದಿದ್ದಳು. ನಮ್ಮ ಬಡಾವಣೆಯವರು ನನ್ನನ್ನು ಹೊರಡಿಸಿಯೇ ಬಿಟ್ಟರು.

ಸಿಂದಗಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ತಂಗಿ ನಿಲ್ದಾಣಕ್ಕೇ ಬಂದು ನಿಂಬೆ ಇಸಿದುಕೊಂಡು, ಬದಲಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟು ಹಳದಿಯಾಗಿತ್ತು, ಬಿಳಿಜೋಳ ಮೊಣಕಾಲು ದಾಟಿತ್ತು. ಗಾಳಿಗೆ ಕಿಟಕಿ ಮುಚ್ಚೋಣವೆಂದರೆ ಗಾಜು ಅಲ್ಲಾಡಲಿಲ್ಲ. ಬಸವನ ಬಾಗೇವಾಡಿಯಲ್ಲಿ ಚುರುಮುರಿ, ಮಿರ್ಚಿ ತಿಂದು, ಮುದ್ದೇಬಿಹಾಳದ ಬಸ್ಸು ಹಿಡಿದು, ಸಂಜೆ ನಾಲ್ಕಕ್ಕೆ ಆ ಊರಿನಲ್ಲಿ ಇಳಿದೆ.

ಹಸೀನಾಬಿಯ ಮನೆ ಎಂಟನೆಯ ಓಣಿಯಲ್ಲಿ, ಕಟ್ಟಕಡೆಗೆ. ಅದರಾಚೆ ಹೊಲ. ಚಹಾ ಕೊಟ್ಟು, ಬಾಗಿಲ ಹಿಂದಿನಿಂದ ಎದೆಮಟ್ಟದ ಕಬ್ಬಿಣದ ಕೀಲಿಯನ್ನು ತಂದು ತೋರಿಸಿದಳು. ಊರಿನ ನೀರಿನ ಟಾಕಿಯ ವಾಲ್ವ್ ತೆರೆಯುವ ಕೀಲಿ ಅದು.

"ಮೊದಲ ಈ ಕೀಲಿ ಒಂದನೇ ಓಣ್ಯಾಗ ಇತ್ತರಿ. ಅವರ ಕೊಡ ತುಂಬಿದ ಕೂಡ್ಲೆ ವಾಲ್ ಬಂದ್. ನಮಗ ನಾಕ ದಿನಕ್ಕೊಮ್ಮೆ ನೀರು. ಆಮ್ಯಾಲ ಎಲ್ಲಾರೂ ಕುಂತು ಠರಾವು ಮಾಡಿದ್ರು, ಕಡೀ ನಲ್ಲಿಯವರ ಕೈಯಾಗೇ ಕೀಲಿ ಇರಬೇಕಂತ. ತಾ ಕಡೀಕ ಕುಡಿಯಾಕಿ ನಡುವ ನೀರು ಬಂದ್ ಮಾಡ್ತಾಳೇನ್ರಿ?"

ಇಷ್ಟು ಸರಳವಾದ ಮಾತು ನಮ್ಮ ಬಡಾವಣೆಯ ಇಬ್ಬರು ವಕೀಲರಿಗೆ ಹೊಳೆದಿರಲಿಲ್ಲ. ನಾನು ಬರೆದುಕೊಂಡೆ. ಸಮಿತಿಯ ಇನ್ನೊಂದು ನಿಯಮ ಕೇಳಿ ನಗು ಬಂತು. ವರ್ಷದ ಸಭೆ ನಡೆಯುವುದು ಟಾಕಿ ತೊಳೆದ ಮೇಲೆ. ತೊಳೆಯಲು ಇಳಿದು ಕಾಲು ಒದ್ದೆ ಮಾಡಿಕೊಂಡವರಿಗೆ ಮಾತ್ರ ಕೈ ಎತ್ತುವ ಹಕ್ಕು. ಮನೆಗೊಬ್ಬರು. ಸ್ವಂತ ಮನೆಯೋ ಬಾಡಿಗೆಯೋ ಯಾರೂ ಕೇಳುವುದಿಲ್ಲ.

ಆದರೆ ಹಸೀನಾಬಿ ನಗಲಿಲ್ಲ. ಪಟ್ಟಣದಲ್ಲಿರುವ ಒಬ್ಬ ಸಾವ್ಕಾರ ಇಲ್ಲಿ ಹನ್ನೊಂದು ಖಾಲಿ ಪ್ಲಾಟು ಕೊಂಡಿದ್ದಾನೆ. ಅಲ್ಲಿ ಕಲ್ಯಾಣ ಮಂಟಪ ಕಟ್ಟಬೇಕು, ಅದಕ್ಕೆ ಊರಿನ ನೀರು ಬೇಕು. ನಾಳೆಯ ಸಭೆಯಲ್ಲಿ ಎರಡೂ ನಿಯಮ ಬದಲಿಸಲು ಹೊರಟಿದ್ದಾನೆ. ಇನ್ನು ಮುಂದೆ ಮನೆಗೊಂದು ಕೈಯಲ್ಲ, ಪ್ಲಾಟಿಗೊಂದು ಕೈ. ಕೀಲಿ ಹೆಚ್ಚು ಪ್ಲಾಟು ಇದ್ದವರ ಕೈಗೆ. ಟಾಕಿಗೆ ಹತ್ತಿರದ ಮೇಲಿನ ಓಣಿಗಳವರಿಗೆ ಮದುವೆಗೆ ಮಂಟಪ ಪುಕ್ಕಟೆ ಎಂದು ಮಾತು ಕೊಟ್ಟಿದ್ದಾನೆ. "ನಾಳೆ ಕೀಲಿ ಹೋತಂದ್ರ ಮತ್ತ ನಾಕ ದಿನಕ್ಕೊಮ್ಮೆ ನೀರ್ರಿ. ನನಗ ಈಗ ದೂರಿಂದ ಹೊರಾಕ ಆಗೂದಿಲ್ಲ" ಎಂದು ಮೊಣಕಾಲು ಮುಟ್ಟಿಕೊಂಡಳು. ನನಗೆ ಸಾವ್ಕಾರನ ಮೇಲೆ ಅವನನ್ನು ನೋಡುವ ಮೊದಲೇ ಸಿಟ್ಟು ಬಂತು.

ಮರುದಿನ ಏಳಕ್ಕೆ ಊರು ಟಾಕಿಯ ಹತ್ತಿರ ಸೇರಿತು. ಊರಿನ ಎತ್ತರದ ತುದಿಯಲ್ಲಿ ನೆಲಮಟ್ಟದ ದೊಡ್ಡ ಟಾಕಿ. ಹತ್ತು ಹತ್ತು ಜನ ಪಾಳಿಯ ಮೇಲೆ ಇಳಿದು ಗೋಡೆ ಉಜ್ಜಿದರು, ಉಳಿದವರು ಬುಟ್ಟಿಯಲ್ಲಿ ರಾಡಿ ಹೊತ್ತರು. ಅತಿಥಿಗೆ ಕೈ ಎತ್ತುವ ಹಕ್ಕಿಲ್ಲದಿದ್ದರೂ ಸೀರೆ ಎತ್ತಿ ಕಟ್ಟಿ ನಾನೂ ಇಳಿದೆ. ನೀರು ಎಲುಬು ಕೊರೆಯುವಷ್ಟು ತಣ್ಣಗಿತ್ತು.

ಎಂಟರ ಹೊತ್ತಿಗೆ ಒಂದು ಕಾರು, ಅದರ ಹಿಂದೆ ಒಂದು ಟೆಂಪೊ ಬಂದವು. ಕಾರಿನಿಂದ ಸಾವ್ಕಾರ ಇಳಿದ, ಮಿರಿಮಿರಿ ಬೂಟು. ಟೆಂಪೊದಿಂದ ಹನ್ನೊಂದು ಕೂಲಿಯಾಳುಗಳು ಇಳಿದರು. ಇವರು ತನ್ನ ಹನ್ನೊಂದು ಪ್ಲಾಟುಗಳ ಪರವಾಗಿ ಕಾಲು ಒದ್ದೆ ಮಾಡುತ್ತಾರೆ, ಸಭೆಯಲ್ಲಿ ಕೈ ಎತ್ತುತ್ತಾರೆ ಎಂದು ಅವನೇ ಸಾರಿದ. ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವುದು ಕಷ್ಟವೇ?

ಎಂಟನೆಯ ಓಣಿಯವರು ಎಗರಾಡಿದರು. ಪರಊರವರಿಗೆ ಇಲ್ಲೇನು ಕೆಲಸ ಎಂದು ಒಬ್ಬ ಟೆಂಪೊಗೆ ಅಡ್ಡ ನಿಂತ. ಹಸೀನಾಬಿ ಅವನ ತೋಳು ಹಿಡಿದು ಈಚೆಗೆ ಎಳೆದಳು.

"ಕಾಲು ಒದ್ದಿ ಆದವರಿಗೆ ಕೈ ಅಂತ ನಾವೇ ಬರದೇವಿ. ಪ್ಲಾಟಿನ್ಯಾಗ ಮನಿ ಇಲ್ಲಂತ ಇವತ್ತ ಇವರನ್ನ ತಡದ್ರ, ನಾಳೆ ಸ್ವಂತ ಮನಿ ಇಲ್ಲಂತ ಬಾಡಿಗಿ ಮನಿಯವರನ್ನ ಯಾರರ ತಡೀತಾರ. ಇಳೀಲಿ ಬಿಡ್ರಿ."

ಇವಳು ತನ್ನ ಕೈಯಾರೆ ಕೀಲಿ ಕೊಡುತ್ತಿದ್ದಾಳೆ ಅನ್ನಿಸಿತು, ಹಾಗೆಂದು ಕಿವಿಯಲ್ಲಿ ಹೇಳಿದೆ ಕೂಡ. ಅವಳು ಕಸಬರಿಗೆ ತೆಗೆದುಕೊಂಡಳು.

ಹನ್ನೊಂದು ಜನ ಅಚ್ಚುಕಟ್ಟಾಗಿ ಕೆಲಸ ಮಾಡಿದರು. ಅವರ ಮುಂದಾಳು ಯಲ್ಲವ್ವ, ಐವತ್ತರ ಹೆಂಗಸು, ಊರವರು ಬಿಟ್ಟ ಮೂಲೆಗಳನ್ನೂ ಬಿಡದೆ ತಿಕ್ಕಿದಳು. ಹತ್ತೂವರೆಗೆ ಟಾಕಿ ತುಂಬಲು ಬಿಟ್ಟು, ಒಂದಿಷ್ಟು ನೀರು ನಿಂತ ಮೇಲೆ ಹಸೀನಾಬಿ ವಾಲ್ವ್ ತೆರೆದಳು. ತೊಳೆದ ಟಾಕಿಯ ಮೊದಲ ನೀರನ್ನು ತೊಳೆದವರೆಲ್ಲ ಕಡೆಯ ನಲ್ಲಿಯಲ್ಲೇ ಕುಡಿಯಬೇಕೆಂಬುದು ಅಲ್ಲಿನ ಪದ್ಧತಿ. ಎಂಟೂ ಓಣಿ ದಾಟಿ ನಡೆದೆವು. ಹಸೀನಾಬಿಯ ಅಂಗಳದಲ್ಲಿ ನಲ್ಲಿ ಸುಮಾರು ಹೊತ್ತು ಬರೀ ಗಾಳಿ ಉಗುಳಿತು. ಆಮೇಲೆ ನೀರು ಬಂತು. ಯಲ್ಲವ್ವ ಬೊಗಸೆಯಲ್ಲಿ ಕುಡಿದು, ಈ ಮನೆ ಯಾರದು, ಕೀಲಿ ಇಲ್ಲೇಕಿದೆ ಎಂದೆಲ್ಲ ಕೇಳಿದಳು. ಹಸೀನಾಬಿ ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದಳು.

ಸಭೆ ಸಮುದಾಯ ಭವನದ ಮುಂದೆ. ಪಂಚಾಯಿತಿಯ ಸದಸ್ಯರೊಬ್ಬರು ಎಣಿಸಲು ನಿಂತರು. ಸಾವ್ಕಾರ ಕುರ್ಚಿಯಲ್ಲಿ ಕುಳಿತು, "ಜಾಗಾ ಇದ್ದವ್ರದ್ದು ಮಾತು ನಡೀಬೇಕ್ರಿ. ಅದು ನ್ಯಾಯ" ಎಂದ. ಬದಲಾವಣೆಗೆ ಒಪ್ಪಿದವರು ಕೈ ಎತ್ತಿ ಎಂದಾಗ ಊರಿನ ನಲವತ್ತಮೂರು ಕೈಗಳು ಮೇಲೆದ್ದವು. ಊರಿನಲ್ಲಿ ಉಳಿದವು ಮೂವತ್ತಾರು. ಏಳು ಕೈ ಕಡಿಮೆ. ಸಾವ್ಕಾರ ನಗುತ್ತ ತನ್ನ ಆಳುಗಳ ಕಡೆ ತಿರುಗಿದ. ಅವರು ಕೈಕಟ್ಟಿ ಕುಳಿತಿದ್ದರು.

"ಯಲ್ಲವ್ವಾ, ಎತ್ತರಿ ಕೈ" ಎಂದ.

"ಯಾಕ್ರಿ?" ಎಂದಳು ಯಲ್ಲವ್ವ, ಕೂತಲ್ಲಿಂದಲೇ. "ಟಾಕಿ ತೊಳೀಬೇಕಂತ ಕರಕೊಂಡ ಬಂದ್ರಿ, ತೊಳದೇವಿ. ಕೈ ಎತ್ತೂ ಮಾತು ಟೆಂಪೊ ಹತ್ತೂವಾಗ ಆಗಿಲ್ಲರಿ."

ಒಪ್ಪದವರು ಎತ್ತಿ ಎಂದರು ಸದಸ್ಯರು. ಮೂವತ್ತಾರು ಎದ್ದವು. ಅದರ ಹಿಂದೆ ಯಲ್ಲವ್ವನ ಕೈ, ಅವಳನ್ನು ನೋಡಿ ಇನ್ನೂ ಹತ್ತು. ನಲವತ್ತೇಳು. ಸದಸ್ಯರು ಎರಡು ಸಲ ಎಣಿಸಿದರು, ನಾನು ಮೂರು ಸಲ. ತನ್ನ ಟೆಂಪೊದಲ್ಲೇ ತನ್ನ ಸೋಲನ್ನು ಹೊತ್ತು ತಂದಿದ್ದ ಸಾವ್ಕಾರ, "ಇದು ನಡಿಯೂದಿಲ್ಲ" ಎಂದ. "ಇವರ ಕೈ ನಡೀತಾವಂತ ಮುಂಜಾನೆ ನೀವೇ ಹೇಳೀರಲ್ರಿ" ಎಂದರು ಸದಸ್ಯರು. ಎಂಟನೆಯ ಓಣಿ ಕೇಕೆ ಹಾಕಿತು. ಮೇಲಿನ ಓಣಿಗಳ ಎಷ್ಟೋ ಜನ ನಕ್ಕರು. ಹಸೀನಾಬಿ ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಷ್ಟು ಖುಷಿ ನನಗೆ ನಮ್ಮ ಮನೆಯ ಮದುವೆಗಳಲ್ಲೂ ಆಗಿರಲಿಲ್ಲ.

ಕಾರು ಹೋಯಿತು, ಸಾವ್ಕಾರ ಸಿಟ್ಟಿಗೆ ಟೆಂಪೊವನ್ನೂ ಖಾಲಿಯೇ ಒಯ್ದ. ಊರವರು ಹನ್ನೊಂದು ಜನರಿಗೂ ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ ಬಡಿಸಿ, ಮೂರರ ಬಾಗೇವಾಡಿ ಬಸ್ಸಿಗೆ ನನ್ನ ಜೊತೆಗೇ ಹತ್ತಿಸಿದರು. ಯಲ್ಲವ್ವ ನನ್ನ ಪಕ್ಕ ಕುಳಿತಳು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ.

"ನಮ್ಮೂರಾಗ ನಮ್ಮದೂ ಕಡೀ ಓಣಿರಿ ಅಕ್ಕೋರ. ಇಷ್ಟು ವರ್ಷ ನೀರು ಬರೂದಿಲ್ಲಂದ್ರ ನಮ್ಮ ನಸೀಬು ಅಂದ್ಕೊಂಡಿದ್ದೆ. ನಸೀಬಲ್ಲ, ಅದು ಕೀಲಿ ಅಂತ ಇವತ್ತ ಗೊತ್ತಾತು."

"ಹಾಗಾದರೆ ಕೀಲಿ ಯಾರ ಹತ್ತಿರ ಇದೆ ಅಂತ ಊರಲ್ಲಿ ಕೇಳುತ್ತೀರಾ?"

"ಕೇಳೂದೇನೈತ್ರಿ, ಯಾರ ಮನ್ಯಾಗ ಐತಿ ಗೊತ್ತೈತಿ. ಇಸ್ಕೊಂಡ ಬರ್ತೇನಿ."

ಒಂದು ಕ್ರಾಸಿನಲ್ಲಿ ಹನ್ನೊಂದು ಜನರೂ ಇಳಿದರು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಯಲ್ಲವ್ವ ಮುಂದೆ, ಉಳಿದವರು ಅವಳ ಹಿಂದೆ, ಬಿರಬಿರನೆ ಊರ ದಾರಿ ಹಿಡಿದಿದ್ದರು.