ಸೌಟಿನ ಹಿಡಿಯ ಕೆಂಪು ದಾರ

ನಗಬೇಡ ಪುಟ್ಟಿ, ನಗಬೇಡ. ನಿನ್ನೆ ಚಿಕ್ಕಜ್ಜಿಯ ಮನೆಯಲ್ಲಿ ನೀನು ತುಟಿ ಕಚ್ಚಿಕೊಂಡು ನಕ್ಕದ್ದು ನನಗೆ ಕಾಣಲಿಲ್ಲ ಅಂದುಕೊಂಡೆಯಾ? ಟೀ ತಂದಿಟ್ಟಳು, ನಮ್ಮ ಕೈಗೆ ಕೊಡುವ ಮೊದಲೇ ತನ್ನ ಲೋಟ ಎತ್ತಿ ಗಟಗಟ ಕುಡಿದಳು, ಆಮೇಲೆ ಗೋಡೆಯ ಗಡಿಯಾರ ನೋಡುತ್ತ ಸುಮ್ಮನೆ ನಿಂತಳು. ನಮ್ಮ ಲೋಟಗಳಲ್ಲಿ ಕೆನೆ ಕಟ್ಟಿದ ಮೇಲೆ “ಹೂಂ, ತಗೊಳ್ಳಿ” ಅಂದಳು. ಮನೆಗೆ ಬಂದವರಿಗಿಂತ ಮುಂಚೆ ತಾನೇ ಕುಡಿಯುತ್ತಾಳಲ್ಲ, ಎಂಥ ಆಸೆಬುರುಕಿ ಮುದುಕಿ ಅಂತ ನಿನಗೆ ಅನ್ನಿಸಿರಬೇಕು. ಅನ್ನಿಸುವುದೇ. ಗೊತ್ತಿಲ್ಲದವರಿಗೆಲ್ಲ ಹಾಗೇ ಅನ್ನಿಸುತ್ತದೆ. ಕೂತುಕೋ ಇಲ್ಲಿ, ಆ ದಿಂಬು ಈಚೆ ಕೊಡು, ಹೇಳುತ್ತೇನೆ.

ಚಿಕ್ಕಜ್ಜಿ ಅಂದರೆ ನನಗೆ ಓರಗಿತ್ತಿ, ನಿನ್ನ ಅಜ್ಜನ ತಮ್ಮನ ಹೆಂಡತಿ. ಇಪ್ಪತ್ತಾರು ವರ್ಷ ಬುಕ್ ಬೈಂಡಿಂಗ್ ಅಂಗಡಿಯಲ್ಲಿ ದುಡಿದವಳು. ಪ್ರೆಸ್ಸಿನಿಂದ ಅಗಲ ಅಗಲ ಹಾಳೆ ಬರುತ್ತಿತ್ತು, ಅದನ್ನು ಮೂಳೆಯ ಪಟ್ಟಿಯಿಂದ ಒತ್ತಿ ಒತ್ತಿ ಪುಸ್ತಕದ ಅಳತೆಗೆ ಮಡಚುವುದು ಅವಳ ಕೆಲಸ. ಮಾತು ಕಡಿಮೆ. ಮೂಲೆಯಲ್ಲಿ ಕೂತರೆ ಕೂತಳು ಅಂತಲೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಮೂರು ದಿನ ರಜೆ ಹಾಕಿ ವಾಪಸ್ ಹೋದಾಗ ಯಜಮಾನರು “ಯಾಕಮ್ಮ, ನಿನ್ನೆ ಸ್ವಲ್ಪ ಬೇಗ ಹೋದ್ಯಾ?” ಅಂತ ಕೇಳಿದರಂತೆ. ಅದನ್ನು ಹೇಳಿಕೊಂಡು ಅವಳೇ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು, ಅದು ನಗುವಿನ ನೀರೋ ಬೇರೆಯದೋ ನಾನು ಕೇಳಲಿಲ್ಲ.

ಅಂಗಡಿ ಮಹಡಿಯ ಮೇಲೆ. ಒಂದೇ ಉದ್ದ ಕೋಣೆ, ನಡುವೆ ಉದ್ದ ಮೇಜು, ಬೀದಿಯ ಕಡೆ ಎರಡು ಕಿಟಕಿ. ಹಿಂದಿನ ಮೂಲೆಯಲ್ಲಿ ತಗಡಿನ ಮರೆ, ಅದರ ಹಿಂದೆ ಸೀಮೆಎಣ್ಣೆ ಸ್ಟೌ. ಆ ಸ್ಟೌ ಇದ್ದದ್ದು ಅಂಟು ಕಾಯಿಸುವುದಕ್ಕೆ. ಮೈದಾ ಹಿಟ್ಟು, ನೀರು, ಅದರ ಜೊತೆಗೆ ಮೈಲುತುತ್ತ. ತುತ್ತ ನೀನು ನೋಡಿಲ್ಲ ಅಲ್ಲವೇ? ನೀಲಿ ಕಲ್ಲು, ನೋಡಲು ಕಿವಿಯೋಲೆಗೆ ಕೂರಿಸುವ ಹಾಗೆ ಚೆಂದ. ಆದರೆ ವಿಷ. ಅದು ಬೀಳದಿದ್ದರೆ ಹುಳ ಬಂದು ರಟ್ಟನ್ನೆಲ್ಲ ತಿಂದುಹಾಕುತ್ತದೆ. ಅಂಟು ಕಾಯಿಸುವ ಮುದುಕನನ್ನು ಎಲ್ಲರೂ ಅಂಟಜ್ಜ ಅನ್ನುತ್ತಿದ್ದರು.

ಮೊದಲೆಲ್ಲ ಟೀ ಕೆಳಗಿನ ಅಂಗಡಿಯಿಂದ ಬರುತ್ತಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ತಣ್ಣಗಾಗಿ, ಅರ್ಧ ತಟ್ಟೆಗೆ ಚೆಲ್ಲಿ, ಕಟಿಂಗ್ ಮಾಮ ಅದನ್ನು ‘ಲೋಟ ತೊಳೆದ ನೀರು’ ಅನ್ನುತ್ತಿದ್ದ. ಕಟಿಂಗ್ ಮಾಮ ಅಂದರೆ ಪುಸ್ತಕದ ಅಂಚು ಕತ್ತರಿಸುವ ಮಷೀನಿನವನು, ಬಾಯಿ ಆ ಮಷೀನಿಗಿಂತ ಹರಿತ. ಒಂದು ದಿನ ಚಿಕ್ಕಜ್ಜಿ ಅದೇನು ಧೈರ್ಯ ಬಂತೋ, ಎದ್ದು ಹೋಗಿ ಯಜಮಾನರ ಮುಂದೆ ನಿಂತು, “ಆ ಸ್ಟೌ ಮೇಲೆ ನಾನೇ ಟೀ ಮಾಡ್ತೀನಿ” ಅಂದಳು. ಯಜಮಾನರು ಕನ್ನಡಕ ತೆಗೆದು ಅವಳನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. “ವಿಷ ಕಾಯಿಸೋ ಜಾಗ ಅಮ್ಮಾ ಅದು. ಅಂಟಿನ ಒಂದೇ ಒಂದು ತೊಟ್ಟು ಟೀ ಕಡೆ ಬಂತು ಅಂದ್ರೆ ಆವತ್ತಿಗೇ ಬಂದ್” ಅಂದರು.

ಬರಲಿಲ್ಲ. ಎಂಟು ವರ್ಷ ಬರಲಿಲ್ಲ. ಅಂಟಿನದೆಲ್ಲ ಎಡಗಡೆ, ಟೀಯದೆಲ್ಲ ಬಲಗಡೆ. ಪಾತ್ರೆ ಬೇರೆ, ಮಸಿಬಟ್ಟೆ ಬೇರೆ, ನೀರಿನ ಕೊಡ ಬೇರೆ. ಸೌಟು ಮಾತ್ರ ಒಂದೇ ದಿನ ಒಂದೇ ಅಂಗಡಿಯಲ್ಲಿ ತಂದ ಜೋಡಿ, ಅವಳಿಮಕ್ಕಳ ಹಾಗೆ. ಅದಕ್ಕೇ ಟೀ ಸೌಟಿನ ಹಿಡಿಗೆ ಪುಸ್ತಕ ಹೊಲಿಯುವ ಕೆಂಪು ದಾರವನ್ನು ಒತ್ತೊತ್ತಾಗಿ ಸುತ್ತಿ ಗಂಟು ಹಾಕಿದ್ದಳು. ದಾರವಿರುವುದು ಬಲಗಡೆಯ ಮೊಳೆಗೆ, ಬೋಳು ಸೌಟು ಎಡಗಡೆಯ ಮೊಳೆಗೆ.

ಟೀ ಮಾಡುವಾಗ ಅವಳನ್ನು ನೋಡಬೇಕಿತ್ತು ನೀನು. ಹತ್ತೂಮುಕ್ಕಾಲಿಗೆ ಏಳುವಳು. ಶುಂಠಿ ಜಜ್ಜಿ ನೀರಿಗೆ ಹಾಕುವಳು, ನೀರು ಮರಳುವ ಸದ್ದು ಕೇಳಿಯೇ ಪುಡಿ ಹಾಕುವ ಹೊತ್ತು ತಿಳಿಯುವಳು. ಹಾಲು ಹಾಕಿದ ಮೇಲೆ ಮೂರು ಸಲ ಉಕ್ಕಿ ಬರಬೇಕು, ಮೂರು ಸಲವೂ ಸೌಟಿನಲ್ಲಿ ಎತ್ತಿ ಎತ್ತಿ ಹೊಯ್ದು ಇಳಿಸುವಳು. ಯಜಮಾನರಿಗೆ ಅರ್ಧ ಅರ್ಧ ಲೋಟ ಎರಡು ಸಲ. ಕಟಿಂಗ್ ಮಾಮನಿಗೆ ಸಕ್ಕರೆ ಇಲ್ಲ. ಅಂಟಜ್ಜನಿಗೆ ಬಾಯಿ ಸುಡುವಷ್ಟು ಬಿಸಿ, ಇಲ್ಲದಿದ್ದರೆ ವಾಪಸ್. ಮಷೀನು ನಿಲ್ಲುತ್ತಿತ್ತು, ಹನ್ನೊಂದು ಜನರ ಸೊರ್ ಸೊರ್ ಸದ್ದು. ಆ ಹತ್ತು ನಿಮಿಷ ಎಲ್ಲರೂ ಅವಳನ್ನು ‘ಅಕ್ಕಾ’ ಅನ್ನುತ್ತಿದ್ದರು. ನನ್ನ ಓರಗಿತ್ತಿ ಅಷ್ಟಕ್ಕೇ ಬದುಕಿದ್ದಳು ಅಂದರೂ ಹೆಚ್ಚಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಸೋಮವಾರ. ಬೆಳಿಗ್ಗೆಯಿಂದ ಕರೆಂಟಿಲ್ಲ, ತಗಡಿನ ಮರೆಯ ಹಿಂದೆ ಕತ್ತಲು. ಅಂಟಜ್ಜನಿಗೆ ಹದಿನೈದು ದಿನದ ಹಿಂದೆ ಒಂದು ಕಣ್ಣಿನ ಪೊರೆ ತೆಗೆದಿದ್ದರು, ಅವನು ಡಾಕ್ಟರಿಗೆ ತೋರಿಸಲು ಹೋಗಿದ್ದ. ಶನಿವಾರವೇ ಪಾತ್ರೆಗಳನ್ನೆಲ್ಲ ತೊಳೆದು ತೂಗುಹಾಕಿ ಹೋಗಿದ್ದ. ಅಜ್ಜ ತೊಳೆಯುವುದೆಂದರೆ ನೀರಲ್ಲಿ ಒಮ್ಮೆ ಮುಳುಗಿಸಿ ಎತ್ತುವುದು. ಕಣ್ಣಿಗೆ ಪಟ್ಟಿ ಕಟ್ಟಿದ ಮೇಲಂತೂ ಎರಡು ಸಲ ತನ್ನ ಸೌಟನ್ನು ಇವಳ ಮೊಳೆಗೆ ತೂಗುಹಾಕಿದ್ದ. ಕೆಂಪು ದಾರವಿದ್ದದ್ದರಿಂದ ಅವಳಿಗೆ ತಕ್ಷಣ ಗೊತ್ತಾಗಿ, ಗೊಣಗಿಕೊಂಡು ಬದಲಿಸಿದ್ದಳು.

ಕತ್ತಲಲ್ಲಿ ಕೈ ಬಲಗಡೆಯ ಮೊಳೆಗೆ ಹೋಯಿತು, ಸೌಟು ಬಂತು, ಟೀ ಆಯಿತು. ಎಲ್ಲರಿಗೂ ಕೊಟ್ಟಳು. ಪುಸ್ತಕ ಹೊಲಿಯುವ ಹುಡುಗಿ ಒಂದು ಲೋಟ ಮುಗಿಸಿ “ಇನ್ನರ್ಧ ಹಾಕಕ್ಕಾ” ಅಂತ ಕೇಳಿ ಹಾಕಿಸಿಕೊಂಡಳು. ಹುಡುಗಿ ಅಂತ ಕರೆಯುತ್ತಿದ್ದದ್ದಷ್ಟೇ. ಮದುವೆಯಾಗಿ ಎರಡು ವರ್ಷ, ಆಗ ಐದು ತಿಂಗಳ ಬಸುರಿ. ಮೊದಲನೆಯದು ನಿಂತಿರಲಿಲ್ಲ.

ಚಿಕ್ಕಜ್ಜಿ ಪಾತ್ರೆ ತೊಳೆಯಲು ಕಿಟಕಿಯ ಬೆಳಕಿಗೆ ತಂದಳು. ಸೌಟಿನ ಹಿಡಿ ಬೋಳು.

ಓಡಿ ಹೋಗಿ ಎಡಗಡೆಯ ಮೊಳೆ ತಡವಿದಳು. ಅಲ್ಲಿರುವುದೂ ಬೋಳು! ದಾರ ಎಲ್ಲಿ ಹೋಯಿತು? ತಾನಾಗಿ ಬಿಚ್ಚುವ ಗಂಟಲ್ಲ ಅದು. ಶನಿವಾರ ಅಜ್ಜ ತೊಳೆಯುವಾಗ ಬಿಚ್ಚಿಹೋಗಿ, ಆಮೇಲೆ ಯಾವುದನ್ನೋ ಯಾವುದಕ್ಕೋ ತೂಗುಹಾಕಿದ್ದರೆ? ಎಂಟು ವರ್ಷ ತುತ್ತ ಕುಡಿದ ಸೌಟು ಟೀಯಲ್ಲಿ ಮೂರು ಸಲ ಮುಳುಗಿ ಎದ್ದಿದ್ದರೆ?

ಸೌಟನ್ನು ನೆಕ್ಕಿ ನೋಡಿದಳು. ಕಬ್ಬಿಣದ ರುಚಿ. ಸೌಟು ನೆಕ್ಕಿದರೆ ಸೌಟಿನ ರುಚಿಯಲ್ಲದೆ ಇನ್ನೇನು ಬರುತ್ತದೆ ಹೇಳು. ಪಾತ್ರೆಯ ತಳದಲ್ಲಿ ಒಂದೂವರೆ ಲೋಟ ಟೀ ಉಳಿದಿತ್ತು. ಅಷ್ಟನ್ನೂ ನಿಂತ ನಿಲುವಿನಲ್ಲೇ ಕುಡಿದಳು. ಆಗುವುದಾದರೆ ಮೊದಲು ನನಗೆ ಆಗಲಿ, ಗೊತ್ತಾಗುತ್ತದಲ್ಲ ಅಂತ. ಕುಡಿದು, ತನ್ನ ಜಾಗಕ್ಕೆ ಬಂದು ಕೂತಳು, ಹಾಳೆ ಕೈಗೆತ್ತಿಕೊಂಡಳು. ಮಡಿಕೆ ಸೊಟ್ಟಗೆ ಬಂತು. ಬಿಚ್ಚಿ ಮತ್ತೆ ಮಡಚಿದಳು. ಮತ್ತೆ ಸೊಟ್ಟ.

ಮೈಯೆಲ್ಲ ಕಣ್ಣಾಗಿ ಒಬ್ಬೊಬ್ಬರನ್ನೇ ನೋಡತೊಡಗಿದಳು. ರಸೀದಿ ಪುಸ್ತಕಕ್ಕೆ ನಂಬರು ಒತ್ತುವವಳು ಆಕಳಿಸಿದಳು. ಅದು ಬರೀ ಆಕಳಿಕೆಯೋ? ಯಜಮಾನರು ಎರಡು ಸಲ ಕೆಮ್ಮಿದರು. ಕಟಿಂಗ್ ಮಾಮ ಹೊಟ್ಟೆ ಸವರಿಕೊಂಡ.

“ಮಾಮಾ, ಏನಾಯ್ತು? ಹೊಟ್ಟೆ ನೋವಾ?”

“ಹಸಿವು ಕಣಕ್ಕಾ! ಹನ್ನೊಂದೂವರೆಗೆ ನನ್ನ ಹೊಟ್ಟೆ ಗಂಟೆ ಹೊಡಿಯುತ್ತೆ. ಇಷ್ಟು ವರ್ಷಕ್ಕೆ ಇವತ್ತು ಕೇಳಿದ್ಯಲ್ಲ, ಏನ್ ವಿಶೇಷ?”

ಎಲ್ಲರೂ ನಕ್ಕರು. ಅವಳೂ ಹಲ್ಲು ಬಿಟ್ಟಳು. ಒಳಗೆ ಕರುಳು ಕಿವುಚಿದ ಹಾಗೆ. ಅದು ತುತ್ತದ್ದೋ ಹೆದರಿಕೆಯದ್ದೋ ಅವಳಿಗೇ ತಿಳಿಯದು. ಹೇಳಿಬಿಡಲೇ? ಹೇಳಿ, ಏನೂ ಆಗಿಲ್ಲದಿದ್ದರೆ ಆವತ್ತಿಗೇ ಬಂದ್, ನಾಳೆಯಿಂದ ಮತ್ತೆ ಯಾರಿಗೂ ಕಾಣದ ಮೂಲೆ. ಹೇಳದೆ, ಏನಾದರೂ ಆಗಿಬಿಟ್ಟರೆ? ಮೂರು ಸಲ ಎದ್ದಳು, ಮೂರು ಸಲ ನಾಲಿಗೆ ಹೊರಳದೆ ಕೂತಳು. ನನ್ನ ಓರಗಿತ್ತಿ ಅಂತ ಮುಚ್ಚಿ ಹೇಳುವುದಿಲ್ಲ ಪುಟ್ಟಿ, ಅರ್ಧ ಗಂಟೆ ಅವಳು ಬಾಯಿ ಬಿಡಲಿಲ್ಲ. ಆ ಅರ್ಧ ಗಂಟೆಗೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಅಷ್ಟರಲ್ಲಿ ಹೊಲಿಗೆಯ ಹುಡುಗಿ ಸೂಜಿ ಬಿಸಾಕಿ, ಬಾಯಿಗೆ ಕೈ ಅಡ್ಡ ಹಿಡಿದು ಮೋರಿಯ ಕಡೆ ಓಡಿದಳು. ವಾಂತಿ.

ಚಿಕ್ಕಜ್ಜಿಯ ಮಡಿಲಲ್ಲಿದ್ದ ಹಾಳೆಗಳೆಲ್ಲ ನೆಲದ ಪಾಲಾದವು. “ಯಾರೂ ಏನೂ ಕುಡೀಬೇಡಿ! ನಾನು ತುತ್ತದ ಸೌಟು ಟೀಗೆ ಹಾಕಿದೀನಿ!” ಅಂತ ಕಿರುಚಿದಳು. ಅವಳ ದನಿ ಅಷ್ಟು ದೊಡ್ಡದಿದೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಕೈಯಲ್ಲಿ ತಿರುಗಿಸುವ ಮಷೀನಿನ ಚಕ್ರ ನಿಂತಿತು. ಕಟಿಂಗ್ ಮಾಮನ ಕೈ ಈಗ ನಿಜವಾಗಿಯೂ ಹೊಟ್ಟೆಗೆ ಹೋಯಿತು. ಯಜಮಾನರು ಎದುರು ಮಹಡಿಯ ಡಾಕ್ಟರಮ್ಮನನ್ನು ಕರೆತರಲು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದರು. ಚಿಕ್ಕಜ್ಜಿ ಹುಡುಗಿಯ ಹಣೆ ಹಿಡಿದು, ಬೆನ್ನು ನೀವುತ್ತ, “ದಾರ ಇರಲಿಲ್ಲ ಕಣೇ, ಸೌಟಿಗೆ ದಾರ ಇರಲಿಲ್ಲ, ನಾನು ನೋಡ್ಲಿಲ್ಲ” ಅಂತ ಅದನ್ನೇ ಅಂದಳು, ಅದನ್ನೇ ಅಂದಳು.

ಹುಡುಗಿ ಬಾಯಿ ತೊಳೆದುಕೊಂಡು ತಲೆ ಎತ್ತಿದಳು. “ಅಕ್ಕಾ… ದಾರ ಬಿಚ್ಚಿದ್ದು ನಾನೇ.”

“ಏನು?”

“ಇವತ್ತು ಬೆಳಿಗ್ಗೆ ಶಾಲೆಯವರ ಹಾಜರಿ ಪುಸ್ತಕ ಇತ್ತಲ್ಲ, ಕೆಂಪು ದಾರದಲ್ಲೇ ಹೊಲೀಬೇಕು ಅಂದಿದ್ರು. ಕೊನೇ ಎರಡು ಹೊಲಿಗೆಗೆ ರೀಲ್ ಮುಗೀತು. ಅವರ ಗುಮಾಸ್ತ ಬಾಗಿಲಲ್ಲೇ ನಿಂತಿದ್ದ. ನಿನ್ನ ಸೌಟಿಂದ ಬಿಚ್ಕೊಂಡೆ. ಸಂಜೆ ಹೊಸ ರೀಲ್ ಬಂದ್ಮೇಲೆ ಸುತ್ತಿಡೋಣ ಅಂತ… ಬೈತೀಯ ಅಂತ ಹೇಳ್ಲಿಲ್ಲ.”

“ಯಾವ ಮೊಳೇಲಿತ್ತೇ ಸೌಟು?”

“ಬಲಗಡೆ. ಅಲ್ಲೇ ಬಿಚ್ಚಿ ಅಲ್ಲೇ ತೂಗಾಕ್ದೆ. ಮೊಳೆ ಬದಲಾಗಿಲ್ಲ ಅಕ್ಕಾ, ನನ್ನ ಹೊಟ್ಟೇಲಿರೋದರ ಆಣೆ.”

“ಮತ್ತೆ ವಾಂತಿ?”

“ದಿನಾ ಆಗುತ್ತೆ. ಪುಸ್ತಕದ ಬೆನ್ನಿಗೆ ಹಚ್ಚೋ ಆ ಸರೇಸು ಅಂಟಿನ ವಾಸನೆ ತಡೆಯೋಕಾಗಲ್ಲ. ಒಳಗೊಳಗೇ ನುಂಗಿಕೊಳ್ತಿದ್ದೆ, ಇವತ್ತು ಆಗ್ಲಿಲ್ಲ.”

ಡಾಕ್ಟರಮ್ಮ ಬಂದರು, ಹುಡುಗಿಯನ್ನು ನೋಡಿದರು, ಉಳಿದವರೆಲ್ಲರ ನಾಲಿಗೆ ಕಣ್ಣು ನೋಡಿದರು, ಸೌಟನ್ನೂ ತಿರುಗಿಸಿ ಮುರುಗಿಸಿ ನೋಡಿದರು. “ಏನಿಲ್ಲ. ಈ ಅಮ್ಮನಿಗೆ ಮಾತ್ರ ಸ್ವಲ್ಪ ನೀರು ಕೊಟ್ಟು ಕೂರಿಸಿ” ಅಂದರು. ಯಜಮಾನರು ಬೈಯಲಿಲ್ಲ. “ನಾಳೆ ನೋಡೋಣ” ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅಂತ ಅವಳು ಸಂಜೆ ಮನೆಗೆ ಬಂದು ನನ್ನ ಹತ್ತಿರ ಹೇಳಿದಳು. ಆವತ್ತು ಒಲೆಯ ಹತ್ತಿರವೇ ಸುಳಿಯಲಿಲ್ಲ. ನಾನು ಟೀ ಮಾಡಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತಳು, ತಣ್ಣಗಾಯಿತು.

ಮಾರನೆಯ ದಿನ ಹೊಸ ದಾರ ಸುತ್ತಿದಳು, ಎರಡರಷ್ಟು ಅಗಲಕ್ಕೆ. ಹನ್ನೊಂದಕ್ಕೆ ಸರಿಯಾಗಿ ಟೀ ತಂದು ಮೇಜಿನ ತುದಿಯಲ್ಲಿಟ್ಟಳು. ಯಾರೂ ಎದ್ದು ಬರಲಿಲ್ಲ. ಕಟಿಂಗ್ ಮಾಮ, “ಇವತ್ತು ಎದೆ ಉರಿ ಅಕ್ಕಾ” ಅಂದ. ನಂಬರಿನವಳು ಮನೆಯಲ್ಲೇ ಕುಡಿದು ಬಂದಿದ್ದಳಂತೆ. ಯಜಮಾನರು ಕಾಗದದಲ್ಲಿ ಮುಖ ಹುದುಗಿಸಿದರು. ಹೊಲಿಗೆಯ ಹುಡುಗಿ ತಲೆಯನ್ನೇ ಎತ್ತಲಿಲ್ಲ. ಎಲ್ಲರಿಗೂ ಗೊತ್ತು ಸೌಟು ಸರಿಯಿತ್ತು ಅಂತ. ಆದರೂ ತುತ್ತ ಅನ್ನುವ ಮಾತು ಒಂದು ಸಲ ಕಿವಿಗೆ ಬಿದ್ದ ಮೇಲೆ ಗಂಟಲಲ್ಲಿ ಇಳಿಯಬೇಕಲ್ಲ. ಲೋಟಗಳ ಮೇಲೆ ಕೆನೆ ಕಟ್ಟಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು.

ಆಗ ಬಂದ ಅಂಟಜ್ಜ, ಒಂದು ಕಣ್ಣಿಗೆ ಹಸಿರು ಪಟ್ಟಿ. ನಿನ್ನೆಯ ಸಂಗತಿ ಅವನಿಗೊಬ್ಬನಿಗೇ ಗೊತ್ತಿಲ್ಲ. “ಆಹಾ, ಶುಂಠಿ!” ಅಂತ ನೇರ ಬಂದು ಲೋಟಕ್ಕೆ ಕೈ ಹಾಕಿದ. ಎಲ್ಲರ ಕಣ್ಣೂ ಅಜ್ಜನ ಬಾಯಿಯ ಮೇಲೆ. ಅವನು ಕುಡಿದರೆ ನೋಡಿಕೊಂಡು ತಾವೂ ಕುಡಿಯೋಣ ಅಂತ.

ಚಿಕ್ಕಜ್ಜಿಗೆ ಅದು ಅರ್ಥವಾಯಿತು. ಸುಮ್ಮನಿದ್ದರೆ ಅವಳ ಕೆಲಸ ಆಗುತ್ತಿತ್ತು. ಆದರೆ ಏನೂ ತಿಳಿಯದ ಮುದುಕನನ್ನು ಮುಂದೆ ಮಾಡಿ ತಾನು ಪಾರಾಗುವುದೇ? ತುಟಿಗೆ ಹೋಗುತ್ತಿದ್ದ ಲೋಟವನ್ನು ಕಸಿದುಕೊಂಡಳು. “ತಡಿ ಅಜ್ಜ. ಮೊದಲು ನಾನು.” ಕೋಣೆಯ ನಟ್ಟನಡುವೆ ನಿಂತು, ಕೆನೆಯ ಸಮೇತ ಪೂರ್ತಿ ಕುಡಿದು, ಲೋಟ ಬೋರಲು ಹಾಕಿ, ಗಡಿಯಾರ ನೋಡುತ್ತ ನಿಂತಳು. ಒಂದು ನಿಮಿಷ. ಎರಡು. ಐದು.

“ಅಲ್ಲಮ್ಮಾ,” ಅಂದ ಅಜ್ಜ, “ನಿನ್ನ ಲೋಟ ಇತ್ತಲ್ಲ ಅಲ್ಲಿ! ನನ್ನ ಪಾಲಿನದನ್ನೂ ನೀನೇ ಕುಡಿದ್ಯಾ? ಕುಡಿದು ಈಗ ಗಡಿಯಾರ ನೋಡ್ತೀಯ, ಮನೆಗೆ ಹೋಗೋ ಹೊತ್ತಾಯ್ತಾ?”

ಮೊದಲು ನಕ್ಕವನು ಕಟಿಂಗ್ ಮಾಮ. “ಎದೆ ಉರಿ ಹೋಯ್ತು ಕಣಕ್ಕಾ, ತಾ ಇತ್ಲಾಗೆ” ಅಂತ ಕೈ ಚಾಚಿದ. ಯಜಮಾನರು ಕಾಗದದಿಂದ ಮುಖ ಎತ್ತದೆಯೇ “ನನಗೆ ಅರ್ಧ” ಅಂದರು.

ಅಲ್ಲಿಂದ ಶುರುವಾದದ್ದು ಇದು. ಆ ಸೌಟನ್ನೂ ಜೊತೆಗೆ ತಂದುಕೊಂಡು ಅವಳು ಅಂಗಡಿ ಬಿಟ್ಟು ಎಷ್ಟೋ ವರ್ಷವಾಯಿತು, ಮನೆಯಲ್ಲಿ ತುತ್ತದ ಹೆಸರೂ ಇಲ್ಲ. ಆದರೂ ಮೊದಲ ಲೋಟ ಅವಳದೇ, ಐದು ನಿಮಿಷ ಗಡಿಯಾರದ್ದು. ಎಷ್ಟು ಜನ ಮುಖ ಮುರಿದರೂ ಅವಳು ಕಾರಣ ಹೇಳುವುದಿಲ್ಲ. ಈಗಲೂ ಹಾಲು ಉಕ್ಕುವಾಗ ಅವಳ ಕೈ ಮೊದಲು ಸೌಟಿನ ಹಿಡಿ ತಡವುತ್ತದೆ, ನಾಳೆ ಹೋದಾಗ ನೋಡು.

ನಾಳೆ ಅಂದೆನಾ? ಬೇಡ, ಈಗಲೇ ಹೋಗು. ನಿನ್ನೆ ನೋಡಿದೆ, ಆ ದಾರ ನವೆದು ಬಣ್ಣಗೆಟ್ಟು ಎಳೆ ಎಳೆಯಾಗಿದೆ. ಅವಳಾಗಿ ಯಾರನ್ನೂ ಕೇಳುವವಳಲ್ಲ. ತಿರುವಿನ ಅಂಗಡಿಯಲ್ಲಿ ಒಂದು ರೀಲ್ ಕೆಂಪು ದಾರ ತಗೊ. ಬಟ್ಟೆ ಹೊಲಿಯುವ ಸಣ್ಣದಲ್ಲ, ದಪ್ಪನೆಯದು ಕೇಳು, ಗುಲಾಬಿ ಬಣ್ಣದ್ದು ಕೊಟ್ಟರೆ ತರಬೇಡ. ಅವಳ ಕೈಗೆ ಕೊಟ್ಟು, ಸುತ್ತುವಾಗ ತುದಿ ಹಿಡಿದುಕೋ, ಈಗ ಅವಳ ಬೆರಳು ಸ್ವಲ್ಪ ನಡುಗುತ್ತದೆ. ಟೀ ಮಾಡಿದರೆ ಅವಳು “ಹೂಂ” ಅನ್ನುವವರೆಗೆ ಲೋಟ ಮುಟ್ಟಬೇಡ. ಬರುವಾಗ ನಮ್ಮ ಟೀ ಸೋಸುವ ಜಾಲರಿ ಅವಳ ಹತ್ತಿರವೇ ಉಳಿದಿದೆ, ಮರೆಯದೆ ತಗೊಂಡು ಬಾ.