ಅವಳು ಕಳಿಸಿದ ಕಲ್ಲಿನ ಫೋಟೋಗಳು

ಗೆಳತಿ ಜೋರ್ಡಾನಿನಿಂದ ಫೋಟೋ ಕಳಿಸಿದಾಗ ನಾನು ಹೊಸದುರ್ಗದ ನಮ್ಮ ಶಾಲೆಯಲ್ಲಿ ಮಕ್ಕಳಿಂದ ಹೂಜಿಯ ಚಿತ್ರ ಬರೆಸುತ್ತಿದ್ದೆ. ನಾನು ಡ್ರಾಯಿಂಗ್ ಟೀಚರ್. ಬ್ಯಾಗಿನೊಳಗೆ ಮೊಬೈಲು ಬಿಟ್ಟೂಬಿಡದೆ ಗುಂಯ್‌ಗುಡುತ್ತಿತ್ತು. ಬೆಲ್ ಆದ ಮೇಲೆ ತೆರೆದು ನೋಡಿದರೆ ಒಂದು ರಾಶಿ ಫೋಟೋ, ಕೆಳಗೆ ಒಂದೇ ಸಾಲು: ‘ರಜಾ ಇತ್ತು, ಇಲ್ಲಿಗೆ ಹೋಗಿದ್ವಿ. ಕಲ್ಲಿನ ಓಣಿ.’

ಹಬ್ಬಕ್ಕೊಂದು ಶುಭಾಶಯ ಬಿಟ್ಟರೆ ನಮ್ಮಿಬ್ಬರ ನಡುವೆ ವರ್ಷಗಳಿಂದ ಮಾತಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಅವಳಿಗೆ ಅವಳ ಸಂಸಾರ, ನನಗೆ ನನ್ನದು. ಮಾತು ತಾನಾಗಿ ತೆಳುವಾಗುತ್ತ ಹೋಗಿತ್ತು. ಹಾಗಾಗಿ ನಾನು ಆ ಫೋಟೋಗಳಲ್ಲಿ ಮೊದಲು ಹುಡುಕಿದ್ದು ಅವಳ ಮುಖವನ್ನು. ದಪ್ಪಗಾಗಿದ್ದಾಳೋ, ಕೂದಲು ನೆರೆತಿದೆಯೋ ನೋಡುವ ಆಸೆ. ಮುಖ ಎಲ್ಲಿಯೂ ಇರಲಿಲ್ಲ. ಬರೀ ಕಲ್ಲು. ನೀರು ಕೊರೆದು ಸೀಳಿದ ಮರಳುಗಲ್ಲಿನ ಎರಡು ಎತ್ತರದ ಗೋಡೆ, ನಡುವೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಜಾಗ, ತಲೆಯ ಮೇಲೆ ಒಂದು ಪಟ್ಟಿ ಆಕಾಶ.

ನಾವಿಬ್ಬರೂ ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯುವಾಗ ಒಂದೇ ರೂಮಿನಲ್ಲಿದ್ದವರು. ಅವಳ ಊರು ಚಿತ್ರದುರ್ಗ. ಮನೆಯ ಕೆಳಗೇ ಅವರ ಬಳೆ ಅಂಗಡಿ. ಒಮ್ಮೆ ನಮ್ಮನ್ನೆಲ್ಲ ಸ್ಕೆಚ್ ಮಾಡಲು ಕೋಟೆಗೆ ಕರೆದೊಯ್ದಿದ್ದರು. ನಾವೆಲ್ಲ ಬಾಗಿಲು, ಬುರುಜು ಬರೆಯುತ್ತಿದ್ದರೆ ಅವಳು ಬಂಡೆಯ ಮೇಲೆ ನೀರು ಇಳಿದ ಕಲೆಯೊಂದನ್ನು ಹಾಳೆ ತುಂಬ ಬರೆದಿದ್ದಳು. ‘ಕೋಟೆ ಎಲ್ಲಮ್ಮ?’ ಎಂದು ಮೇಷ್ಟ್ರು ಕೇಳಿದ್ದಕ್ಕೆ ‘ಇಲ್ಲೇ ಐತಲ್ಲ ಸಾರ್’ ಅಂದಳು. ನಮ್ಮ ತರಗತಿಯಲ್ಲಿ ನಿಜವಾಗಿ ಚಿತ್ರಗಾರ್ತಿಯಾಗಬೇಕಾಗಿದ್ದವಳು ಅವಳೇ. ಮದುವೆಯಾಯಿತು. ಗಂಡನಿಗೆ ಜೋರ್ಡಾನಿನ ಬಟ್ಟೆ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ಹೊರಡುವ ಮುಂಚೆ ತನ್ನ ಕುಂಚಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ‘ಅಲ್ಲಿಗೆ ತಗಂಡೋಗಿ ಏನ್ ಮಾಡ್ಲಿ, ಇಟ್ಕ.’

ಸಂಜೆ ಮನೆಯಲ್ಲಿ ಮತ್ತೆ ಫೋಟೋ ತೆರೆದೆ. ಮುಖವಿಲ್ಲದಿದ್ದರೆ ಹೋಗಲಿ, ಎಲ್ಲಾದರೂ ನೆರಳು, ದುಪಟ್ಟಾದ ಚುಂಗು ಕಂಡೀತೆಂದು ಬೆರಳಿನಿಂದ ದೊಡ್ಡದು ಮಾಡಿ ನೋಡತೊಡಗಿದೆ. ಹಾಗೆ ನೋಡುತ್ತಿದ್ದಂತೆ ಕಲ್ಲು ಕಲ್ಲಾಗಿ ಉಳಿಯಲಿಲ್ಲ. ಒಂದರಲ್ಲಿ ಗುಲಾಬಿ ಬಣ್ಣ ಓರೆಯಾಗಿ ಹರಿದು ಬಂದು ಒಂದು ಕಪ್ಪು ಗೆರೆಯ ಹತ್ತಿರ ಥಟ್ಟನೆ ನಿಂತಿತ್ತು. ಇನ್ನೊಂದರಲ್ಲಿ ಅರಿಶಿನ, ಬೂದಿ, ಇಟ್ಟಿಗೆ ಬಣ್ಣದ ಪದರಗಳು ಮಡಚಿಟ್ಟ ಸೀರೆಗಳ ಅಂಚಿನ ಹಾಗೆ ಒಂದರ ಮೇಲೊಂದು. ಅದು ಗೇಣಗಲದ ಜಾಗವೋ ಮನೆಯೆತ್ತರದ್ದೋ ತಿಳಿಯುವಂತಿರಲಿಲ್ಲ. ಮೇಲು ಕೆಳಗು ಯಾವುದೆಂಬುದೂ ತಿಳಿಯುವಂತಿರಲಿಲ್ಲ. ಅಮೂರ್ತ ಚಿತ್ರ ಅನ್ನುತ್ತಾರಲ್ಲ, ಅದೇ. ಎಲ್ಲದರಲ್ಲೂ ಬಣ್ಣದ ಭಾರವೆಲ್ಲ ಬಲಕ್ಕೆ, ಎಡಗಡೆ ಹೆಚ್ಚುಕಡಿಮೆ ಬಯಲು. ಆ ಅಭ್ಯಾಸ ನನಗೆ ಗೊತ್ತಿತ್ತು. ಕಲಿಯುವಾಗ ಅದಕ್ಕಾಗಿ ಅವಳು ಮೇಷ್ಟ್ರ ಹತ್ತಿರ ಎಷ್ಟು ಬೈಸಿಕೊಂಡಿದ್ದಳು!

ಕೂಡಲೇ ಫೋನ್ ಮಾಡಿದೆ.

‘ಲೇ, ನೀನು ಮತ್ತೆ ಚಿತ್ರ ಬರೀತಿದೀಯ.’

‘ಎಲ್ಲೇ? ಫೋಟೋ ಹೊಡ್ದೆ ಅಷ್ಟೆ.’

‘ಬಲಗಡೀಗೆ ಬಣ್ಣ ಒತ್ತಿ ಎಡಗಡೆ ಖಾಲಿ ಬಿಟ್ಟಿದೀಯ. ಒಂದ್ರಾಗಲ್ಲ, ಎಲ್ಲದ್ರಾಗೂ.’

‘ನಮ್ಮೋರೆಲ್ಲ ಮುಂದಕ್ಕೆ ಹೋದ್ರು ಕಣೆ. ನಂಗೆ ಗೋಡೆ ಬಿಟ್ಟು ಬರಾಕೇ ಆಗ್ಲಿಲ್ಲ. ಮನ್ಯಾಗೆ ನೋಡಿ, ಬರೀ ಕಲ್ಲೇ ಅವೆ, ನಾವೆಲ್ಲಿ ಅಂತ ನಕ್ಕರು. ಅದಕ್ಕೇ ನಿಂಗೆ ಕಳ್ಸಿದ್ದು.’

ಅವಳು ನಗುತ್ತಿದ್ದಳು. ಪ್ರಿಂಟ್ ಹಾಕಿಸುತ್ತೇನೆ ಅಂದೆ. ‘ಒಂದು ನಮ್ಮ ಅಮ್ಮಿಗೆ ಕೊಡು’ ಅಂದಳು.

ಶನಿವಾರ ಶಾಲೆ ಮುಗಿಸಿಕೊಂಡು ಚಿತ್ರದುರ್ಗಕ್ಕೆ ಹೋದೆ. ಸ್ಟುಡಿಯೋದವನು ‘ಮೇಡಂ, ಇದ್ರಾಗೆ ಮೇಲ್ಗಡೆ ಯಾವ್ದು?’ ಎಂದು ಪ್ರತಿಯೊಂದಕ್ಕೂ ಕೇಳಿದ. ಪ್ರಿಂಟುಗಳನ್ನು ಹಿಡಿದು ಬಳೆ ಅಂಗಡಿಯ ಮೆಟ್ಟಿಲು ಹತ್ತಿದೆ. ಅವಳ ತಾಯಿ ಸೊಸೆಯ ಜೊತೆ ಕೂತು ಮೊಮ್ಮಗಳ ಫ್ರಾಕಿಗೆ ಗುಂಡಿ ಹಚ್ಚುತ್ತಿದ್ದರು. ‘ಬಾರಮ್ಮ, ಕುಂತ್ಕ’ ಎಂದು ಕೈಹಿಡಿದು ಕೂರಿಸಿದರು. ಮಗಳು ಫೋಟೋ ಕಳಿಸಿದ್ದಾಳೆ ಅಂದೊಡನೆ ಕನ್ನಡಕ ಒರೆಸಿ ಹಾಕಿಕೊಂಡರು.

ಒಂದೊಂದೇ ನೋಡಿದರು. ಕೊನೆಯದನ್ನೂ ನೋಡಿದ ಮೇಲೆ ‘ನನ್ ಮಗಳೆಲ್ಲಿ?’ ಅಂದರು.

‘ಅವಳು ತೆಗ್ದಿದ್ದು ಅಮ್ಮಿ. ಅವಳು ಇದ್ರಾಗಿಲ್ಲ.’

‘ಮುಖ ಇಲ್ದಿರೋ ಫೋಟೋ ಇಟ್ಕಂಡು ನಾನೇನ್ ಮಾಡ್ಲಮ್ಮ?’

ಬಣ್ಣ, ಗೆರೆ, ಖಾಲಿ ಜಾಗ ಎಂದು ವಿವರಿಸಲು ಹೊರಟೆ. ನನ್ನ ಮಾತು ನನಗೇ ತರಗತಿಯ ಪಾಠದಂತೆ ಕೇಳಿ ನಿಲ್ಲಿಸಿದೆ. ಮೊದಲು ನಾನು ಹುಡುಕಿದ್ದೂ ಮುಖವನ್ನೇ ತಾನೇ? ಸುಮ್ಮನೆ, ‘ಎಲ್ಲಾರೂ ಮುಂದಕ್ಕೆ ಹೋದ್ರಂತೆ ಅಮ್ಮಿ. ಇವಳು ಒಬ್ಬಳೇ ಗೋಡೆಗೆ ಇಷ್ಟು ಹತ್ರ ನಿಂತಿದ್ದಳಂತೆ’ ಎಂದು ಕೈ ಅಳತೆ ತೋರಿಸಿದೆ.

ಅವರು ಆ ಗುಲಾಬಿ ಬಣ್ಣದ ಫೋಟೋವನ್ನು ಮತ್ತೆ ಕೈಗೆತ್ತಿಕೊಂಡರು. ಅದರ ಮೇಲೆ ಅಂಗೈ ಇಟ್ಟರು. ‘ಕಲ್ಲು ಬಿಸಿಯಿತ್ತೋ ತಣ್ಣಗಿತ್ತೋ ಕೇಳು.’

ಸ್ಪೀಕರ್ ಹಾಕಿ ಫೋನ್ ಹಚ್ಚಿಕೊಟ್ಟೆ. ‘ತಣ್ಣಗಿತ್ತು ಅಮ್ಮಿ. ಹೊರಗೆ ಸುಡಾ ಬಿಸ್ಲು, ಒಳಗೆ ತಣ್ಣಗೆ. ಗೋಡೆ ಮುಟ್ಕಂಡೇ ನಡ್ದೆ’ ಎಂದು ಅವಳು ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು. ಆಮೇಲೆ ತಾಯಿ ಮಗಳು ಉರ್ದುವಿನಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತ ನಿಂತೆ. ಹೊರಡುವಾಗ ಅಮ್ಮಿ ಒಂದನ್ನಲ್ಲ, ಅಷ್ಟೂ ಫೋಟೋಗಳನ್ನು ಇಟ್ಟುಕೊಂಡರು. ನನಗೊಂದು ಕೊಡಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿನಲ್ಲಿ ಬರಿಗೈಯಲ್ಲಿ ಊರಿಗೆ ಬಂದೆ.

ಅಂದಿನಿಂದ ಅವಳು ಅಲ್ಲಿಯ ರಜೆಯ ದಿನ, ಶುಕ್ರವಾರ, ಏನಾದರೊಂದು ಕಳಿಸುತ್ತಾಳೆ: ತುಕ್ಕು ಹಿಡಿದ ಶಟರ್, ಸುಣ್ಣ ಉದುರಿದ ಗೋಡೆ. ನಾನೂ ಆ ಕಲ್ಲೋಣಿಯ ಫೋಟೋ ಒಂದನ್ನು ಮೊಬೈಲಿನಲ್ಲಿ ತೆರೆದು ಎದುರಿಗಿಟ್ಟುಕೊಂಡು ಚಿತ್ರ ಬರೆಯಲು ಕೂತೆ. ಎಷ್ಟು ಬೆರೆಸಿದರೂ ಆ ಗುಲಾಬಿ ನನಗೆ ಸಿಗಲಿಲ್ಲ. ಫೋಟೋ ನೋಡಿ ಅದು ಸಿಗುವಂಥದ್ದಲ್ಲ, ಆ ಗೋಡೆಯ ಹತ್ತಿರ ನಿಲ್ಲಬೇಕು, ಅವಳ ಪಕ್ಕದಲ್ಲಿ ನಿಲ್ಲಬೇಕು ಅನ್ನಿಸಿತು. ಅನ್ನಿಸಿದ್ದು ಹೋಗಲೇ ಇಲ್ಲ. ಪಾಸ್‌ಪೋರ್ಟಿಗೆ ಹಾಕಿದೆ. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ಕಾಫಿ ಕುಡಿಯುತ್ತ ಕೇಳಿದರು.

‘ಯಾವ ದೇಶಕ್ಕೆ ಮೇಡಂ? ಕೆಲ್ಸಕ್ಕಾ?’

‘ಜೋರ್ಡಾನಿಗೆ. ಅಲ್ಲಿ ಒಂದು ಕಲ್ಲು ನೋಡಾಕೆ.’

‘ಕಲ್ಲಾ? ದುರ್ಗದಾಗೆ ಇರಾವು ಸಾಲ್ದಾ ಮೇಡಂ?’

ಮನೆಯವರು ಒಳಗಿನಿಂದ ನಕ್ಕರು. ನಾನೂ ನಕ್ಕೆ.

ಪಾಸ್‌ಪೋರ್ಟ್ ಬಂತು. ಬೀರುವಿನಲ್ಲಿದೆ. ‘ಯಾವಾಗ ಬರ್ತೀಯ?’ ಎಂದು ಅವಳು ಪ್ರತಿ ಸಲ ಫೋನಿಡುವ ಮುಂಚೆ ಕೇಳುತ್ತಾಳೆ. ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ ಬಿಸಿಲು ಆ ಓಣಿಯ ತಳಕ್ಕೆ ಇಳಿಯುತ್ತದಂತೆ, ಆಗ ಗೋಡೆ ಒಳಗಿನಿಂದ ಹೊತ್ತಿಕೊಂಡ ಹಾಗೆ ಕಾಣುತ್ತದಂತೆ, ಫೋಟೋದಲ್ಲಿ ಅದು ಬರುವುದೇ ಇಲ್ಲವಂತೆ. ಈ ಬೇಸಿಗೆ ರಜೆಯಲ್ಲಿ ಬರುತ್ತೇನೆ ಅನ್ನುತ್ತೇನೆ. ಹೋದ ಬೇಸಿಗೆಯಲ್ಲೂ ಹಾಗೆಯೇ ಅಂದಿದ್ದೆ.