ಬೊಕ್ಸಿಮ್ ಚಿಕ್ಕಮ್ಮನ ಕಡಲಸೊಪ್ಪಿನ ಸಾರು

ಗುನ್ಸಾನ್ ಬಂದರಿನ ಹಿಂದಿನ ಗಲ್ಲಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹಳೆಯ ಲಾರಿಯೊಂದರ ಹಿಂಬಾಗಿಲು ತೆರೆದಿದೆ. ಒಳಗೆ ಕುಕ್ಕರುಗಾಲಲ್ಲಿ ಕೂತ ಮಾ ಬೊಕ್ಸಿಮ್, ಅಂಗಿಯ ತೋಳು ಮೊಣಕೈವರೆಗೆ ಮಡಚಿ, ದೊಡ್ಡ ಬೋಗುಣಿಯಲ್ಲಿ ಕಡಲಸೊಪ್ಪು ತೊಳೆಯುತ್ತಿದ್ದಾರೆ. ಒಣಗಿದ್ದಾಗ ನಾಲ್ಕು ಹಿಡಿಯಷ್ಟೇ ಇದ್ದದ್ದು ಈಗ ನೀರು ಕುಡಿದು ಬೋಗುಣಿಯ ಅಂಚು ದಾಟುತ್ತಿದೆ. ಪಕ್ಕದ ಒಲೆಯ ಮೇಲೆ ಅರವತ್ತು ಜನರ ಅನ್ನಕ್ಕೆ ನೀರು ಕಾಯುತ್ತಿದೆ.

ಗಂಡ ದಲ್ಸು ಫೋನ್ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಏ, ಕೇಳಿಸ್ತೇನೆ? ದೋಣಿ ಸೀನು ಇವತ್ತೇ ಅಂತೆ. ಮುಂದಿನ ವಾರ ಮಳೆಯಂತೆ."

ಬೊಕ್ಸಿಮ್ ಕೈ ನೀರಲ್ಲೇ ನಿಲ್ಲುತ್ತದೆ. "ಇವತ್ತಾ? ನಿನ್ನೆ ಹೇಳೋಕೆ ಅವರ ಬಾಯಿಗೆ ಏನಾಗಿತ್ತಂತೆ?"

"ನನ್ನ ಮೇಲೆ ಯಾಕೆ ರೇಗ್ತೀಯ? ನಾನು ಲಾರಿ ಓಡಿಸೋನು, ಸಿನಿಮಾ ಓಡಿಸೋನಲ್ಲ."

ಹುಟ್ಟಿದ ದಿನ ಕಡಲಸೊಪ್ಪಿನ ಸಾರು ಉಣ್ಣದವರು ಈ ಊರಲ್ಲಿ ಯಾರೂ ಇಲ್ಲ. ಹೆತ್ತ ತಾಯಿ ಬಾಣಂತನದಲ್ಲಿ ಉಂಡ ಸಾರು ಅದು. ವರ್ಷಕ್ಕೊಮ್ಮೆ ಅದನ್ನುಂಡು ಆಕೆಯನ್ನು ನೆನೆಯದಿದ್ದರೆ ಮಗನಾಗಿ ಹುಟ್ಟಿ ಏನು ಬಂತು ಅನ್ನುತ್ತಾರೆ. ಆದರೆ ಪರೀಕ್ಷೆಯ ದಿನ ಮಾತ್ರ ಆ ಸಾರಿನ ಕಡೆ ಕಣ್ಣೆತ್ತಿಯೂ ನೋಡಕೂಡದು. ಜಾರುವ ಸೊಪ್ಪು ಹೊಟ್ಟೆಗೆ ಹೋದರೆ ಮನುಷ್ಯನೂ ಜಾರುತ್ತಾನೆ ಎಂಬ ಭಯ ಓದಿದವರಿಗೂ ಇದೆ, ಓದದವರಿಗೂ ಇದೆ. ಇವತ್ತು ನಟ ಜುನ್ಮೋನ ಹುಟ್ಟುಹಬ್ಬ. ಅವನ ಬದುಕಿನ ಅತಿ ದೊಡ್ಡ ಪರೀಕ್ಷೆಯೂ ಇವತ್ತೇ ಬಂದು ಕೂತಿದೆ.

ಬೊಕ್ಸಿಮ್ ಅವರದು ಊಟದ ಗಾಡಿ. ಈ ಕರಾವಳಿಯಲ್ಲಿ ಎಲ್ಲಿ ಶೂಟಿಂಗ್ ನಡೆದರೂ ಅನ್ನ ಬೇಯುವುದು ಈ ಲಾರಿಯಲ್ಲೇ. ಮೊದಲು ಮೀನು ಹರಾಜುಕಟ್ಟೆಯ ಕ್ಯಾಂಟೀನಿನಲ್ಲಿದ್ದರು. ಕ್ಯಾಂಟೀನು ಮುಚ್ಚಿತು, ದಲ್ಸು ಅವರ ಬೆನ್ನು ಹಡಗಿನ ಕೆಲಸಕ್ಕೆ ಬಾಗಲಾರೆ ಅಂದಿತು. ಆಗ ಗಂಡಹೆಂಡಿರು ಸೇರಿ ಈ ಲಾರಿಗೆ ಒಲೆ ಕೂರಿಸಿದರು. ಚಳಿಗಾಲದಲ್ಲಿ ನಲ್ಲಿಯ ನೀರು ಹೆಪ್ಪುಗಟ್ಟುತ್ತದೆ. ಬಿಸಿನೀರು ಸುರಿದು ಕರಗಿಸಿ ಅಕ್ಕಿ ತೊಳೆಯಬೇಕು. ಬೆರಳ ಸಂದುಗಳು ಒಡೆದು ಉಪ್ಪು ತಾಗಿದಾಗ ಚುರ್ ಅನ್ನುತ್ತವೆ.

"ಶೂಟಿಂಗ್ ತಡ ಆದ್ರೆ ನಿರ್ದೇಶಕರನ್ನ ಬೈಯೋ ಧೈರ್ಯ ಯಾರಿಗಿದೆ? ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ನನ್ನ ಬೈತಾರೆ," ಎಂದು ನಗುತ್ತಾರೆ ಅವರು. "ಬೈಸಿಕೊಳ್ಳೋದೂ ನನ್ನ ಕೆಲಸದಲ್ಲೇ ಸೇರಿದೆ ಬಿಡಿ."

ನಟರ ಫೋಟೋ ತೆಗೆಯುವುದಿಲ್ಲ. ಅಲ್ಲಿ ಕಂಡದ್ದು, ಕೇಳಿದ್ದು ಹೊರಗೆ ಹೇಳುವುದಿಲ್ಲ. ಇಷ್ಟು ವರ್ಷವೂ ಅವರು ಬಿಗಿಯಾಗಿ ಹಿಡಿದುಕೊಂಡು ಬಂದಿರುವ ಕಟ್ಟು ಇದು. ಈ ಕಟ್ಟಿನಿಂದ ಹೆಚ್ಚು ನರಳುವವರು 'ಉಪ್ಪಿನ ಚೀಲ'ದವರು.

ಉಪ್ಪಿನ ಚೀಲ ಅಂದರೆ ಜುನ್ಮೋನ ಅಭಿಮಾನಿಗಳ ಸಂಘ. ಏಳು ಜನ, ಏಳೂ ಜನ ನಡುವಯಸ್ಸಿನವರು. ಬಲೆ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ 'ಉಪ್ಪುಗಾಳಿ' ಎಂಬ ಬ್ಯಾಂಡು ಶನಿವಾರ ಶನಿವಾರ ಹಾಡುತ್ತಿದ್ದ ಕಾಲದಿಂದ ಅವರು ಜುನ್ಮೋನ ಬೆನ್ನಿಗಿದ್ದಾರೆ. ಆಮೇಲೆ ಡ್ರಮ್ಮಿನವನು ಉಲ್ಸಾನಿನ ಹಡಗು ಕಟ್ಟುವ ಕಾರ್ಖಾನೆಗೆ ಹೋದ, ಗಿಟಾರಿನವನು ಮದುವೆಯಾದ, ಬ್ಯಾಂಡು ಮುರಿಯಿತು. ಹಾಡುತ್ತಿದ್ದ ಜುನ್ಮೋ ಮಂಜುಗಡ್ಡೆಯ ಕಾರ್ಖಾನೆ ಸೇರಿದ. ಊರಿನ ನಿರ್ದೇಶಕರೊಬ್ಬರು ಅವನ ದನಿ ನೆನಪಿಟ್ಟುಕೊಂಡು ಒಂದು ಸಿನಿಮಾದಲ್ಲಿ ಎರಡು ಮಾತಿನ ಪಾತ್ರ ಕೊಟ್ಟರು. ಅವನು ಕ್ಯಾಮೆರಾ ಮುಂದೆ ಮರಗಟ್ಟಿ ನಿಂತ. ಆ ಭಾಗವನ್ನೇ ಕತ್ತರಿಸಿದರು. ಅದನ್ನು ಅಭಿಮಾನಿಗಳಿಗೆ ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಸಂಘದ ಮುಖ್ಯಸ್ಥೆ ಏರಾನ್ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಾರೆ. ಆ ಸಿನಿಮಾ ನೋಡಲು ಹೋದ ದಿನದ ಮಾತು ಬಂದರೆ ಕತ್ತರಿ ಕೆಳಗಿಟ್ಟೇ ಹೇಳಬೇಕು ಅವರಿಗೆ. "ಹೂಗುಚ್ಛ ಹಿಡ್ಕೊಂಡು ಕೂತಿದ್ವಿ. ಈಗ ಬರ್ತಾನೆ, ಈಗ ಬರ್ತಾನೆ ಅಂತ ಸಿನಿಮಾನೇ ಮುಗೀತು. ಕೊನೇಲಿ ಹೆಸರುಗಳು ಓಡ್ತಿದ್ವು. ಜನ ಎಲ್ಲ ಎದ್ದು ಹೋದ್ರು. ನಾವು ಎಲ್ಲಿಂದ ಏಳೋದು, ಅವನ ಹೆಸರಾದ್ರೂ ಬರುತ್ತೇನೋ ಅಂತ ಕೂತೇ ಇದ್ವಿ. 'ಊಟದ ಗಾಡಿ: ಮಾ ಬೊಕ್ಸಿಮ್' ಅಂತ ಬಂತು. ಯಾರಿಗಾದ್ರೂ ಚಪ್ಪಾಳೆ ಹೊಡೀಲೇಬೇಕಿತ್ತಲ್ಲ, ಹೊಡೆದ್ವಿ."

ಮರುದಿನ ಆ ಹೂಗುಚ್ಛ ಬೊಕ್ಸಿಮ್ ಅವರ ಲಾರಿಗೆ ಬಂತು. ಅವರು ಅದನ್ನು ಖಾಲಿ ಕಿಮ್ಚಿ ಉಪ್ಪಿನಕಾಯಿ ಜಾಡಿಯಲ್ಲಿಟ್ಟು ಬಾಡುವವರೆಗೂ ಊರೆಲ್ಲ ಸುತ್ತಿಸಿದರು. "ನನ್ನ ಮದುವೆ ದಿನಾನೂ ನನಗೆ ಯಾರೂ ಹೂವು ಕೊಟ್ಟಿರಲಿಲ್ಲ," ಎಂದು ಅವರು ಹೇಳುವಾಗ ದಲ್ಸು ಲಾರಿಯ ಚಕ್ರ ಪರೀಕ್ಷಿಸಲು ಬಗ್ಗುತ್ತಾರೆ.

ಈಗ ಅದೇ ನಿರ್ದೇಶಕರು ಜುನ್ಮೋನಿಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಮುಳುಗಿ ಸತ್ತ ಅಣ್ಣನ ದೋಣಿಯ ಎದುರು ನಿಂತು ತಮ್ಮ ಮಾತಾಡುವ ಸೀನು. ಅದು ಸಿನಿಮಾದಲ್ಲಿ ಉಳಿದರೆ ಅವನು ನಟ. ಇಲ್ಲವಾದರೆ ಮತ್ತೆ ಮಂಜುಗಡ್ಡೆ. ಹುಟ್ಟುಹಬ್ಬದ ದಿನ ಇಡೀ ತಂಡಕ್ಕೆ ಅವನ ಹೆಸರಲ್ಲಿ ಊಟ ಹಾಕಿಸುತ್ತೇವೆ ಎಂದು ಉಪ್ಪಿನ ಚೀಲದವರು ಮುಂದೆ ಬಂದರು. ಅಭಿಮಾನಿಗಳು ಹೀಗೆ ಊಟ ಕಳಿಸುವುದು ಇಲ್ಲಿ ಮಾಮೂಲು. ಉಂಡವರು ತಮ್ಮವನನ್ನು ಸ್ವಲ್ಪ ಪ್ರೀತಿಯಿಂದ ನೋಡಿಕೊಳ್ಳಲಿ ಎಂಬ ಆಸೆ, ಅಷ್ಟೇ. ತಾವು ಮಾತ್ರ ಶೂಟಿಂಗ್ ಜಾಗಕ್ಕೆ ಕಾಲಿಡುವುದಿಲ್ಲ. ಹಾಗೆ ನುಗ್ಗುವ ಅಭಿಮಾನಿಗಳನ್ನು ಕಂಡರೆ ಏರಾನ್ ಅವರಿಗೆ ಆಗುವುದಿಲ್ಲ.

ಬೊಕ್ಸಿಮ್ ಒದ್ದೆ ಕೈಯಲ್ಲೇ ಅವರಿಗೆ ಫೋನ್ ಹಚ್ಚುತ್ತಾರೆ. ಸುದ್ದಿ ಕೇಳಿದ ಏರಾನ್ ಸಣ್ಣ ದನಿಯಲ್ಲಿ ಕೇಳುತ್ತಾರೆ, "ಹುಟ್ಟಿದ ದಿನ ಸಾರಿಲ್ಲದೆ ಹೇಗಕ್ಕ? ಅವನಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ."

"ಬಡಿಸಿದ್ಮೇಲೆ ಅವನು ಜಾರಿದ್ರೆ?"

"ಅಯ್ಯೋ, ಬಿಡ್ತು ಅನ್ನಿ. ನನಗೆ ಏನೂ ತೋಚ್ತಿಲ್ಲ. ನೀವೇ ನೋಡಿ ಮಾಡಿ ಅಕ್ಕ."

ಹೀಗೆ ಏಳು ಜನರ ಭಾರ ಬೊಕ್ಸಿಮ್ ಅವರ ಸೌಟಿನ ಮೇಲೆ ಬೀಳುತ್ತದೆ. ಸೊಪ್ಪು ನೆನೆದಾಗಿದೆ, ಎಸೆಯುವಂತಿಲ್ಲ. ಎಲ್ಲರಿಗೂ ಕಡಲಸೊಪ್ಪಿನ ಸಾರು, ಅವನೊಬ್ಬನಿಗೆ ಮೊಳಕೆಕಾಳಿನ ಸಾರು ಎಂದು ತೀರ್ಮಾನಿಸುತ್ತಾರೆ. ಅವನ ಪಾಲಿನ ಕಡಲಸೊಪ್ಪು ಪುಟ್ಟ ಪಾತ್ರೆಯಲ್ಲಿ ಬೇರೆಯೇ ಕುದಿಯಲಿ. ಸೀನು ಮುಗಿದ ಮೇಲೆ ಉಣ್ಣಲಿ.

ಶೂಟಿಂಗ್ ಜಾಗದಲ್ಲಿ ಇಳಿತಕ್ಕೆ ಸಮುದ್ರ ಹಿಂದೆ ಸರಿದು ಕೆಸರುಬಯಲು ಬಿದ್ದುಕೊಂಡಿದೆ. ಹಳೆಯ ದೋಣಿ ಕೆಸರಲ್ಲಿ ಓರೆಯಾಗಿ ನಿಂತಿದೆ. ಏರಿಯ ಮೇಲೆ ಲಾರಿ, ಲಾರಿಯ ನೆತ್ತಿಯ ಮೇಲೆ 'ನಮ್ಮ ಜುನ್ಮೋನಿಗೆ ಒಂದು ತುತ್ತು ಹೆಚ್ಚು ಬಡಿಸಿ' ಎಂಬ ಬ್ಯಾನರು. ಹನ್ನೊಂದಕ್ಕೇ ಊಟದ ಸಾಲು ಬೆಳೆಯುತ್ತದೆ. ಜುನ್ಮೋ ಬಂದು ತಟ್ಟೆ ಹಿಡಿದಾಗ ಅವನ ಬಟ್ಟಲಿಗೆ ಬೀಳುವುದು ಮೊಳಕೆಕಾಳು. ಅವನು ಅಕ್ಕಪಕ್ಕದವರ ಬಟ್ಟಲು ನೋಡುತ್ತಾನೆ, ಬೊಕ್ಸಿಮ್ ಮುಖ ನೋಡುತ್ತಾನೆ.

"ಒಳ್ಳೇದೇ ಮಾಡಿದ್ರಿ ಚಿಕ್ಕಮ್ಮ," ಅನ್ನುತ್ತಾನೆ. ಆದರೆ ಎರಡು ಚಮಚ ಉಂಡು ಬಟ್ಟಲು ಕೆಳಗಿಡುತ್ತಾನೆ.

ಊಟ ಮುಗಿದು ಕ್ಯಾಮೆರಾ ಓಡಿದಾಗ ಮೊದಲ ಸಲ ಮಾತು ಮರೆಯುತ್ತಾನೆ. ಎರಡನೆಯ ಸಲ ಮಾತು ಬರುತ್ತದೆ, ಒಣಮರ ಮಾತಾಡಿದ ಹಾಗೆ. ಮೂರನೆಯ ಸಲ ದೋಣಿಯ ಕಡೆ ಹೆಜ್ಜೆ ಇಡುತ್ತಲೇ ಕಾಲು ಜಾರಿ ಮೊಣಕಾಲೂರಿ ಕೆಸರಲ್ಲಿ ಕೂರುತ್ತಾನೆ. ಯಾರೂ ನಗುವುದಿಲ್ಲ. ದೂರದಲ್ಲಿ ನೀರಿನ ಬಿಳಿಗೆರೆ ತಿರುಗಿ ಬರುತ್ತಿರುವುದು ಕಾಣುತ್ತದೆ. ಉಬ್ಬರ ಬಂದರೆ ದೋಣಿ ತೇಲುತ್ತದೆ, ಸೀನು ಮುಳುಗುತ್ತದೆ. ನಿರ್ದೇಶಕರು, ಅವನ ಬಟ್ಟೆ ಬದಲಿಸಿ, ಇನ್ನೊಂದೇ ಸಲ ನೋಡೋಣ ಅನ್ನುತ್ತಾರೆ. ಆಗದಿದ್ದರೆ ಆ ಮಾತುಗಳನ್ನು ಹೀರೋಗೆ ಕೊಡುವುದಂತೆ ಎಂದು ಸಹಾಯಕನೊಬ್ಬ ಲಾರಿಯ ಪಕ್ಕ ಪಿಸುಗುಡುತ್ತಾನೆ.

ಬೊಕ್ಸಿಮ್ ಪುಟ್ಟ ಪಾತ್ರೆಯ ಮುಚ್ಚಳ ತೆಗೆದು ಬಟ್ಟಲು ತುಂಬಿಸುತ್ತಾರೆ. ರಬ್ಬರು ಬೂಟು ಏರಿಸುತ್ತಾರೆ.

"ಬೇಡ ಕಣೇ. ನಾಳೆ ಏನಾದ್ರೂ ಆದ್ರೆ ನಿನ್ನ ತಲೆಗೇ ಕಟ್ತಾರೆ," ದಲ್ಸು ತಡೆಯುತ್ತಾರೆ.

"ಕಟ್ಟಲಿ. ತಲೆ ಗಟ್ಟಿ ಇದೆ." ಅವರು ಕೆಸರಿಗಿಳಿದೇಬಿಡುತ್ತಾರೆ. ಸಾರು ತುಳುಕದ ಹಾಗೆ ನಡೆಯಲು ಹೋಗಿ ಬಾತುಕೋಳಿಯ ನಡಿಗೆ ಬಂದಿದೆ. ಇಡೀ ತಂಡ ಅವರನ್ನೇ ನೋಡುತ್ತಿದೆ. ಜುನ್ಮೋ ದೋಣಿಗೆ ಒರಗಿ ನಿಂತಿದ್ದಾನೆ, ತುಟಿ ಬಿಳಿಚಿದೆ.

"ತಗೋ, ಉಣ್ಣು."

"ಚಿಕ್ಕಮ್ಮ, ಇವತ್ತು ಇದು..."

"ಉಣ್ಣದೇನೇ ಮೂರು ಸಲ ಜಾರಿದೀಯ ಕಣೋ. ಇನ್ನು ಜಾರೋಕೆ ಏನು ಉಳಿದಿದೆ?"

ಕ್ಯಾಮೆರಾದವನು ಕಿಸಕ್ಕೆಂದು ನಗುತ್ತಾನೆ. ಅವನ ಹಿಂದೆ ಒಬ್ಬೊಬ್ಬರೇ ನಗುತ್ತಾರೆ. ಕೊನೆಗೆ ಜುನ್ಮೋನೂ ನಗುತ್ತಾನೆ. ಬೆಳಗಿನಿಂದ ಅವನ ಮುಖದ ಗಂಟು ಸಡಿಲಾದದ್ದು ಅದೇ ಮೊದಲು. ನಿಂತಲ್ಲೇ ಬಟ್ಟಲು ತುಟಿಗಿಟ್ಟು ಒಂದು ಗುಟುಕು ಕುಡಿಯುತ್ತಾನೆ.

"ನಮ್ಮಮ್ಮ ಇದಕ್ಕೆ ಕಪ್ಪೆಚಿಪ್ಪು ಹಾಕ್ತಿದ್ರು," ಅನ್ನುತ್ತಾನೆ.

"ಹರಾಜುಕಟ್ಟೇಲಿ ನನ್ನ ಪಕ್ಕದಲ್ಲೇ ಕೂತು ಚಿಪ್ಪು ಮಾರಿದೋಳು ನಿಮ್ಮಮ್ಮ. ನನಗೆ ಗೊತ್ತಿಲ್ವಾ? ಹಾಕಿದೀನಿ, ತಳದಲ್ಲಿದೆ. ಕೊನೇವರೆಗೂ ಉಣ್ಣು."

ಅವನು ಕೊನೆಯವರೆಗೂ ಉಣ್ಣುತ್ತಾನೆ. ಬಟ್ಟಲು ವಾಪಸು ಕೊಡುವಾಗ ಏನೋ ಹೇಳಲು ಬಾಯಿ ತೆರೆಯುತ್ತಾನೆ. "ನನಗೆ ಯಾಕೆ ಹೇಳ್ತೀಯ, ದೋಣಿಗೆ ಹೇಳು ಹೋಗು," ಎಂದು ಗದರಿ ಬೊಕ್ಸಿಮ್ ಏರಿಯ ಕಡೆ ತಿರುಗುತ್ತಾರೆ.

ನಾಲ್ಕನೆಯ ಸಲ ಏನಾಯಿತೆಂದು ಅವರು ನೋಡಲಿಲ್ಲ. ಪಾತ್ರೆಗಳ ರಾಶಿಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದರು. ನೋಡಿದರೆ ದೃಷ್ಟಿಯಾದೀತು ಎಂಬ ಹೆದರಿಕೆ. ಕೇಳಿಸಿದ್ದು ದನಿ ಮಾತ್ರ. ನೆಲಮಾಳಿಗೆಯಲ್ಲಿ ಹಾಡುತ್ತಿದ್ದ ಕಾಲದ ದನಿ, ಅಣ್ಣಾ ಎಂದು ಕರೆದು ಅಲ್ಲೇ ಒಡೆಯಿತು. ಆಮೇಲೆ ನಿರ್ದೇಶಕರ "ಓಕೆ" ಕೇಳಿತು, ಉಬ್ಬರದ ನೀರಲ್ಲಿ ಏರಿಯ ಕಡೆ ಓಡಿ ಬರುವ ತಂಡದವರ ಹೆಜ್ಜೆಗಳು ಕೇಳಿದವು. ಬೊಕ್ಸಿಮ್ ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿ ತಾಳಲಾರದೆ ಸೋಪಿಗೆ ಬೈದರು.

ಏರಿಯ ಆಚೆ ನೂಡಲ್ಸ್ ಅಂಗಡಿಯಲ್ಲಿ ಏಳು ಜನ ಬೆಳಗಿನಿಂದ ಕಾದಿದ್ದಾರೆ. ಏನಾಯ್ತು ಅಕ್ಕ, ಏನಾಯ್ತು ಅಕ್ಕ ಎಂದು ಫೋನು ಗುನುಗುತ್ತಲೇ ಇದೆ. ಬೊಕ್ಸಿಮ್ ಯೋಚಿಸುತ್ತಾರೆ. ಹೇಳುವಂತಿಲ್ಲ. ನಟನ ಫೋಟೋ ಕಳಿಸುವಂತಿಲ್ಲ. ಕೊನೆಗೆ ಆ ಖಾಲಿ ಬಟ್ಟಲನ್ನು ಲಾರಿಯ ಮೆಟ್ಟಿಲ ಮೇಲಿಟ್ಟು, ಅದರದ್ದೊಂದು ಫೋಟೋ ತೆಗೆದು ಕಳಿಸುತ್ತಾರೆ. ತಳದಲ್ಲಿ ಎರಡು ಖಾಲಿ ಚಿಪ್ಪು ಬಿಟ್ಟರೆ ಏನೂ ಇಲ್ಲ.

"ಒಂದು ತೊಟ್ಟೂ ಬಿಟ್ಟಿರಲಿಲ್ಲ," ಏರಾನ್ ಆ ಫೋಟೋ ಈಗಲೂ ತೆಗೆದು ತೋರಿಸುತ್ತಾರೆ. "ಸೀನು ಕೆಟ್ಟಿದ್ರೆ ಅಕ್ಕ ಬಟ್ಟಲು ಕಳಿಸ್ತಿರಲಿಲ್ಲ, ನಮಗೆ ಗೊತ್ತಾಯ್ತು. ಏಳೂ ಜನ ಅತ್ವಿ. ಅಂಗಡಿಯವರು ಪಾಪ, ಯಾರು ಹೋಗ್ಬಿಟ್ರು ಅಂತ ಕೇಳಿದ್ರು."

ಸಿನಿಮಾ ಶರತ್ಕಾಲದಲ್ಲಿ ಬರುತ್ತದೆ. ಉಪ್ಪಿನ ಚೀಲದವರು ಈ ಸಲ ಬೊಕ್ಸಿಮ್ ಅವರಿಗೂ ಒಂದು ಸೀಟು ಹಿಡಿದಿಡುತ್ತಾರಂತೆ. ಕೊನೆಯಲ್ಲಿ ಓಡುವ ತಮ್ಮ ಹೆಸರನ್ನು ಅವರು ಇನ್ನೂ ಒಮ್ಮೆಯೂ ನೋಡಿಲ್ಲ. ಬರುತ್ತೀರಾ ಎಂದರೆ, ಅವತ್ತು ಎಲ್ಲಿ ಅಡುಗೆ ಇರುತ್ತದೋ ಎನ್ನುತ್ತಾ ನಾಳಿನ ಅಕ್ಕಿ ಆರಿಸುತ್ತಾರೆ. ಆಮೇಲೆ ತಲೆ ಎತ್ತದೆಯೇ ಹೇಳುತ್ತಾರೆ.

"ಜನ ತೆರೆ ಮೇಲೆ ಅವನು ಅಳೋದು ನೋಡ್ತಾರೆ. ನನ್ನ ಹೆಸರು ನೋಡ್ಲಿ, ಬಿಡ್ಲಿ. ಹೊಟ್ಟೆ ತುಂಬಿದ ಮೇಲೆ ಅತ್ತಿದ್ದು ಅದು. ಅಷ್ಟು ಸಾಕು ನನಗೆ."